ಒಂದೇ ಹೆಸರಿನ ಎರಡು ಕಟ್ಟುಗಳು

ನಮ್ಮ ಊರಿನಲ್ಲಿ ಒಬ್ಬರ ವಿಷಯ ಬರೆದ ಕಾಗದವನ್ನು ಇನ್ನೊಬ್ಬರು ಓದಿದರೆ, ಯಾರ ವಿಷಯವೋ ಅವರ ಎಡಗಿವಿ ಬಿಸಿಯಾಗುತ್ತದೆ. ಓದುವಷ್ಟು ಹೊತ್ತೂ ಬಿಸಿ, ಓದಿ ಮಡಚಿಟ್ಟರೆ ತಣ್ಣಗೆ. ಪರೀಕ್ಷೆ ಮುಗಿದ ವಾರ ಶಾಲೆಯ ಮಕ್ಕಳು ಕಿವಿ ಹಿಡಿದುಕೊಂಡು, "ನನ್ನ ಪೇಪರ್ ತಿದ್ದುತ್ತಾ ಇದಾರೆ ಕಣೋ" ಎಂದು ಓಡಾಡುತ್ತಾರೆ. ಜಾತಕ ಕಳಿಸಿದ ಮನೆಯ ಹುಡುಗಿ ಎರಡು ದಿನವಾದರೂ ಕಿವಿ ತಣ್ಣಗೇ ಇದ್ದರೆ, "ಅವರಿನ್ನೂ ಬಿಚ್ಚಿ ನೋಡಿಲ್ಲಮ್ಮ" ಎಂದು ತಾಯಿಗೆ ಹೇಳುತ್ತಾಳೆ. ಹೊರ ಊರಿನಿಂದ ಸೊಸೆಯಾಗಿ ಬಂದವರು ಮೊದಲ ತಿಂಗಳು ಗಾಬರಿಬಿದ್ದು ಅರಳೆ ಇಟ್ಟುಕೊಳ್ಳುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ನಾನು ಈ ಊರಿನಲ್ಲಿ ಲೆಕ್ಕ ಬರೆದುಕೊಡುವವಳು. ಹೆಸರು ಚಂಪಕಾ. ಸಣ್ಣ ಅಂಗಡಿಯವರು, ಕುಶಲಕರ್ಮಿಗಳು, ಮಿಲ್ಲಿನವರು ಎಲ್ಲ ಸೇರಿ ನಲವತ್ತು ಜನರ ಕಾಗದಪತ್ರ ನನ್ನ ಕಚೇರಿಯ ಎರಡು ಕಬ್ಬಿಣದ ಬೀರುಗಳಲ್ಲಿ ಇರುತ್ತಿತ್ತು. ಕಚೇರಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ನನ್ನ ಅತ್ತಿಗೆ ಕಮಲಾಬಾಯಿ ಬಂದವರನ್ನು ಕೂರಿಸಿ ಮಾತಾಡಿಸುತ್ತಾರೆ, ನಾನು ಒಳಗೆ ಬರೆಯುತ್ತೇನೆ. ನಮ್ಮಂಥವರಿಗೆ ಪುರಸಭೆಯ ಕಟ್ಟಳೆಗಳಿವೆ. ಯಾರ ಕಾಗದವನ್ನು ಯಾವ ದಿನ ಎಷ್ಟು ಹೊತ್ತಿಗೆ ಓದುತ್ತೇವೆ ಎಂದು ಹೊರಗೆ ಹಲಗೆಯ ಮೇಲೆ ಬರೆದಿರಬೇಕು, ಆ ಹೊತ್ತು ಬಿಟ್ಟು ಮುಟ್ಟಬಾರದು. ಲೆಕ್ಕಕ್ಕೆ ಬೇಕಾದ ಕಾಗದ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡಬೇಕು. ಅಕಸ್ಮಾತ್ ಯಾರದಾದರೂ ಕಾಗದ ಬೇರೆಯವರ ಕೈ ಸೇರಿದರೆ, ಮೂರು ದಿನದೊಳಗೆ ಅವರಿಗೆ ತಿಳಿಸಿ ಪುರಸಭೆಯ ಪುಸ್ತಕದಲ್ಲೂ ಬರೆಯಬೇಕು. ಮೊದಲನೆಯದನ್ನು ನಾನು ಹತ್ತೊಂಬತ್ತು ವರ್ಷ ಗಡಿಯಾರದಂತೆ ಪಾಲಿಸಿದ್ದೆ. ಮಂಗಳವಾರ ಹನ್ನೊಂದಕ್ಕೆ ಕ್ಷೌರದ ಅಂಗಡಿಯಲ್ಲಿ ಕೂತ ಅಕ್ಕಸಾಲಿ ಮೌನೇಶಾಚಾರರು, "ಸ್ವಲ್ಪ ತಾಳಪ್ಪ, ಚಂಪಕಮ್ಮ ಶುರು ಮಾಡಿದ್ರು, ಕಿವಿ ಹತ್ರ ಕತ್ತರಿ ತರಬೇಡ" ಎನ್ನುತ್ತಿದ್ದರಂತೆ. ಎರಡನೆಯ ಕಟ್ಟಳೆಯನ್ನು ನಾನು ಎಂದೂ ಪಾಲಿಸಿರಲಿಲ್ಲ. ಮೂರನೆಯದರ ಅಗತ್ಯ ಬಿದ್ದಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಏಳಬೇಕು ಎನ್ನುವಾಗ ಮೌನೇಶಾಚಾರರೇ ಬಾಗಿಲಲ್ಲಿ ನಿಂತಿದ್ದರು. ಕೆಲಸದ ಅಂಗಿ ಬಿಚ್ಚದೆ ಬಂದಿದ್ದರು, ಬೆರಳ ತುದಿಯಲ್ಲಿ ಅರಗು ಅಂಟಿಕೊಂಡಿತ್ತು. ಎಡಗಿವಿ ದಾಸವಾಳದ ಹಾಗೆ ಕೆಂಪಾಗಿತ್ತು.

"ಇವತ್ತು ನನ್ನ ದಿನ ಅಲ್ವಲ್ಲಮ್ಮ" ಎಂದರು.

"ಅಲ್ಲ ಆಚಾರ್ರೇ. ನಿಮ್ಮದು ಮಂಗಳವಾರ. ನಾನು ಮುಟ್ಟೇ ಇಲ್ಲ."

"ಅರ್ಧ ಗಂಟೆ ಆಯ್ತು. ಹರಳು ಕೂರಿಸ್ತಾ ಇದ್ದೆ, ಅಲ್ಲೇ ಬಿಟ್ಟು ಬಂದೆ. ಯಾರೋ ನಿಧಾನವಾಗಿ ಓದ್ತಾ ಇದಾರೆ. ಒಂದೊಂದೇ ಹಾಳೆ."

ನಾನು ಎದ್ದು ಬೀರು ತೆಗೆದೆ. ಎರಡನೆಯ ಅರೆಯಲ್ಲಿ ಅವರ ಹೆಸರು ಬರೆದ ಕಟ್ಟು ಇತ್ತು. ಹೊರಗೆ ತೆಗೆದು ಅವರ ಮುಂದೆ ಹಿಡಿದೆ. ಕೆಂಪು ಲಾಡಿ, ರಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ "ಮೌನೇಶಾಚಾರ್". ಅವರು ಅದನ್ನು ಕಣ್ಣಿಗೆ ಹತ್ತಿರ ತಂದು ನೋಡಿ ನಿಟ್ಟುಸಿರು ಬಿಟ್ಟರು.

"ಇಲ್ಲೇ ಇದೆಯಲ್ಲ. ಹಾಗಾದ್ರೆ ಬ್ಯಾಂಕಿನೋರು ಇರಬೇಕು" ಎಂದು, ನನಗೆ ಕೈ ಮುಗಿದು ಹೋದರು.

ಅವರು ಹೋದ ಮೇಲೆ ಕಟ್ಟನ್ನು ಬೀರುವಿನಲ್ಲಿ ಇಡುವಾಗ ಯಾಕೋ ಹಗುರ ಎನ್ನಿಸಿತು. ಲಾಡಿ ಬಿಚ್ಚಿದೆ. ಅದು ಅವರ ಕಟ್ಟಾಗಿರಲಿಲ್ಲ.

ಆದದ್ದು ಇಷ್ಟು. ಪೇಟೆಯ ಒಡವೆ ಅಂಗಡಿಯ ಶ್ರೇಯಾಂಸ ಸಾಹುಕಾರರ ಲೆಕ್ಕವೂ ನನ್ನ ಬಳಿಯೇ ಇತ್ತು. ಮೌನೇಶಾಚಾರರು ಹೆಚ್ಚಾಗಿ ಅವರ ಅಂಗಡಿಗೇ ಒಡವೆ ಮಾಡಿಕೊಡುತ್ತಿದ್ದರು. ಅಂಗಡಿಯಿಂದ ಆಚಾರರಿಗೆ ಕೊಟ್ಟ ಕೂಲಿಯ ಚೀಟಿಗಳನ್ನೆಲ್ಲ ನಾನು ಬೇರೆ ಕಟ್ಟು ಮಾಡಿ, ಗುರುತಿಗೆ ಅದರ ಮೇಲೂ "ಮೌನೇಶಾಚಾರ್" ಎಂದೇ ಬರೆದಿದ್ದೆ. ಶುಕ್ರವಾರ ಸಾಹುಕಾರರ ಗುಮಾಸ್ತ ಬಂದು, "ಆಚಾರ್ರ ಚೀಟಿ ಕಟ್ಟು ಬೇಕಂತೆ" ಎಂದಾಗ ನಾನು ಬೇರೆ ಯಾವುದೋ ಮೊತ್ತ ಕೂಡಿಸುತ್ತಿದ್ದೆ. ಕೈ ಚಾಚಿ, ಸಿಕ್ಕಿದ್ದನ್ನು ಕೊಟ್ಟೆ. ಬಿಚ್ಚಿ ನೋಡಲಿಲ್ಲ.

ಹೋದ ಕಟ್ಟಿನಲ್ಲಿ ಬರೀ ಲೆಕ್ಕ ಇದ್ದಿದ್ದರೆ ನಾನು ಅಷ್ಟು ಬೆವರುತ್ತಿರಲಿಲ್ಲ. ಮೌನೇಶಾಚಾರರು ವರ್ಷಕ್ಕೆ ಎರಡು ಸಲ ಮನೆಯಲ್ಲಿದ್ದ ಕಾಗದವನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿ ತಂದುಕೊಡುತ್ತಿದ್ದರು. "ಯಾವುದು ಬೇಕೋ ಬೇಡವೋ ನನಗೆ ತಿಳಿಯಲ್ಲ, ನೀವೇ ನೋಡ್ಕೊಳ್ಳಿ" ಎನ್ನುತ್ತಿದ್ದರು. ಬೇಡದ್ದನ್ನು ಆರಿಸಿ ವಾಪಸ್ ಕೊಡುವುದು ನನ್ನ ಕೆಲಸ. ಸೋಮಾರಿತನದಿಂದ ಎಲ್ಲವನ್ನೂ ಒಟ್ಟಿಗೆ ಕಟ್ಟಿಡುತ್ತಿದ್ದೆ. ಹಾಗೆಯೇ ಹೋದ ಸಲದ ಡಬ್ಬಿಯಲ್ಲಿ ದೂರದ ಕಣ್ಣಾಸ್ಪತ್ರೆಯ ಚೀಟಿಗಳು ಬಂದಿದ್ದವು. ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ಅಂಚಿನ ದೃಷ್ಟಿ ಹೋಗುತ್ತಿದೆ, ಸೂಕ್ಷ್ಮ ಕೆಲಸ ಇನ್ನು ಹೆಚ್ಚು ದಿನ ಆಗದು ಎಂದು ವೈದ್ಯರು ಬರೆದಿದ್ದರು. ಓದಿದ ದಿನ ನನಗೂ ಸಂಕಟವಾಗಿತ್ತು. ಆದರೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಊರಿನಲ್ಲಿ ಆ ವಿಷಯ ಗೊತ್ತಿದ್ದವರು ನಾವಿಬ್ಬರೇ. ಅವರ ಹೆಂಡತಿಗೂ ತಿಳಿದಿರಲಿಲ್ಲ.

ಅತ್ತಿಗೆಗೆ ಹೇಳಿದೆ, ಒಳಗೇನಿತ್ತು ಎಂಬುದನ್ನು ಬಿಟ್ಟು. ಅವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಒಲೆ ಆರಿಸಿದರು.

"ಹೋಗಿ ವಾಪಸ್ ಇಸ್ಕೊಂಡು ಬಾ. ಅಷ್ಟೇ."

"ಆಚಾರ್ರಿಗೆ ಹೇಳಬೇಕಲ್ಲ ಅತ್ತಿಗೆ."

"ಏನಂತ ಹೇಳ್ತೀಯ? ಅವರೇ ಬ್ಯಾಂಕಿನೋರು ಅಂದ್ಕೊಂಡು ಹೋಗಿದಾರೆ. ಪುರಸಭೆ ಪುಸ್ತಕದಲ್ಲಿ ಒಂದು ಸಲ ಹೆಸರು ಬಿತ್ತು ಅಂದ್ರೆ ನಮ್ಮ ಹಲಗೆ ಮೇಲೆ ವರ್ಷ ಪೂರ್ತಿ ಕೆಂಪು ಗೆರೆ. ನೋಡಿದೋರು ನಮ್ಮ ಹತ್ರ ಬರ್ತಾರಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊಟ ಮಾಡದೆ ಪೇಟೆಗೆ ಹೋದೆ.

ಶ್ರೇಯಾಂಸ ಸಾಹುಕಾರರು ನನ್ನನ್ನು ನೋಡಿದ ಕೂಡಲೇ ಗುಮಾಸ್ತನನ್ನು ಹೊರಗೆ ಕಳಿಸಿದರು. ಕಟ್ಟು ಅವರ ಗಲ್ಲಾದ ಪಕ್ಕದಲ್ಲಿ, ಲಾಡಿ ಮತ್ತೆ ಕಟ್ಟಿ, ಇತ್ತು.

"ನೀವು ಬರ್ತೀರ ಅಂತ ಕಾಯ್ತಾ ಇದ್ದೆ" ಎಂದರು. "ನಾನು ಕೇಳಿದ್ದು ಕೂಲಿ ಚೀಟಿ."

"ತಪ್ಪಾಯ್ತು ಸಾವ್ಕಾರ್ರೇ. ಓದಿದ್ರಾ?"

"ಮೇಲಿನದು ನೋಡಿದಾಗಲೇ ನಮ್ಮದಲ್ಲ ಅಂತ ಗೊತ್ತಾಯ್ತು. ಮುಚ್ಚಿಡಬೇಕಿತ್ತು. ಮುಚ್ಚಲಿಲ್ಲ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ಓದಿಬಿಟ್ಟೆ."

"ಯಾರಿಗೂ ಹೇಳಬೇಡಿ. ದಯವಿಟ್ಟು."

"ಹೇಳಲ್ಲ. ನನಗೂ ಮನುಷ್ಯತ್ವ ಇದೆ. ಆದ್ರೆ ಮುಂದಿನ ತಿಂಗಳು ಮಿಲ್ಲಿನೋರ ಮನೆ ಮದುವೆಗೆ ವಂಕಿ, ಅಡ್ಡಿಕೆ ಎಲ್ಲಾ ಅವರಿಗೇ ಕೊಡಬೇಕು ಅಂತಿದ್ದೆ. ಈಗ ಹೇಗೆ ಕೊಡ್ಲಿ? ಹರಳು ಒಂದು ಓರೆಯಾದ್ರೆ ಹೆಸರು ಹೋಗೋದು ನಂದು."

"ಇವತ್ತಿನವರೆಗೆ ಒಂದಾದರೂ ಓರೆಯಾಗಿದೆಯಾ?"

"ಇಲ್ಲ. ಆದ್ರೆ ಇನ್ನು ಮುಂದೆ ಅವರು ತಂದ ಪ್ರತಿ ಒಡವೇನೂ ನಾನು ಭೂತಗನ್ನಡಿ ಹಿಡಿದು ನೋಡ್ತೀನಿ ಚಂಪಕಮ್ಮ. ಓದದೆ ಇದ್ದಿದ್ರೆ ನೋಡ್ತಿರಲಿಲ್ಲ. ಈ ಕಟ್ಟು ತಗೊಂಡು ಹೋಗಿ. ಓದಿದ್ದನ್ನ ಹೇಗೆ ವಾಪಸ್ ಕೊಡ್ಲಿ, ನೀವೇ ಹೇಳಿ."

ಅವರ ಮೇಲೆ ಕೋಪ ಬರುತ್ತದೆ ಎಂದುಕೊಂಡು ಹೋಗಿದ್ದೆ, ಬರಲಿಲ್ಲ. ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ. ಅಂದು ಸಂಜೆ ಆಚಾರರ ಬೀದಿಯ ತುದಿಯವರೆಗೆ ಹೋಗಿ ಹಿಂತಿರುಗಿದೆ. ನಾಳೆ ಹೇಳಿದರಾಯಿತು, ಮೂರು ದಿನವಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ದಿನದಲ್ಲಿ ಒಂದು ದಿನ ಹೀಗೆ ಕಳೆಯಿತು.

ಭಾನುವಾರ ಬೆಳಿಗ್ಗೆ ಹೋದಾಗ ಅವರು ಜಗುಲಿಯಲ್ಲಿ ಚಿಮಟ ಉಜ್ಜುತ್ತಾ ಕೂತಿದ್ದರು. ಅವರ ಹೆಂಡತಿ ದೇವೀರಮ್ಮ ಒಳಗಿನಿಂದಲೇ, "ಬನ್ನಿ ಚಂಪಕಮ್ಮ, ದೋಸೆ ಹುಯ್ತಾ ಇದೀನಿ" ಎಂದರು. ನಾನು ಕೂರಲಿಲ್ಲ. ಕಟ್ಟನ್ನು ಅವರ ಮುಂದಿಟ್ಟು, ಆದದ್ದನ್ನು ಆದ ಹಾಗೆ, ದನಿ ತಗ್ಗಿಸಿ ಹೇಳಿದೆ. ಶುಕ್ರವಾರ ನಾನೇ ಕೊಟ್ಟದ್ದು, ಶನಿವಾರ ಸಾಹುಕಾರರು ಓದಿದ್ದು, ತೋರಿಸಿದ ಕಟ್ಟು ಬೇರೆಯಾಗಿದ್ದದ್ದು, ಮದುವೆಯ ಒಡವೆ ಅವರಿಗೆ ಕೊಡದಿರುವುದು. ಆಸ್ಪತ್ರೆಯ ಚೀಟಿ ನನ್ನ ಬಳಿ ಇರಲೇಬಾರದಿತ್ತು ಎಂಬುದನ್ನೂ ಹೇಳಿದೆ.

ಅವರು ಎದ್ದು ನಡುಮನೆಯ ಬಾಗಿಲು ಎಳೆದುಕೊಂಡು ಮತ್ತೆ ಬಂದು ಕೂತರು. ಚಿಮಟವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು.

"ಸಾವ್ಕಾರ್ರು ಒಡವೆ ಕೊಡದೆ ಇರಲಿ. ಅದೊಂದು ದಿನ ಆಗೋದೇ" ಎಂದರು. "ನಾನೇ ಹೋಗಿ ಹೇಳೋನಿದ್ದೆ ಚಂಪಕಮ್ಮ. ಈ ಮದುವೆ ಒಡವೆ ಮಾಡಿಕೊಟ್ಟು, ಇದೇ ಕೊನೇದು ಸಾವ್ಕಾರ್ರೇ ಅಂತ ಹೇಳಿ, ಕೈ ಮುಗಿದು ಬರೋಣ ಅಂತಿದ್ದೆ. ದಿನಾ ಮನಸ್ಸಲ್ಲೇ ಆ ಮಾತು ಹೇಗೆ ಆಡಬೇಕು ಅಂತ ಜೋಡಿಸ್ಕೋತಾ ಇದ್ದೆ. ಇವಳಿಗೂ ಅವತ್ತೇ ಹೇಳೋನಿದ್ದೆ. ಹೇಳೋ ದಿನ ನಂದಾಗಿತ್ತು. ಅದನ್ನ ನೀವು ಕಿತ್ಕೊಂಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಕಣ್ಣು ತುಂಬಿ ಬಂತು, ಆದರೆ ಅವರ ಮುಂದೆ ಅಳುವುದು ಸರಿಯಲ್ಲ ಎನ್ನಿಸಿ ಗೋಡೆಯ ಕಡೆ ನೋಡಿದೆ.

"ನನ್ನದು ಇನ್ನೂ ಏನೇನಿದೆ ನಿಮ್ಮ ಹತ್ರ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ. ಅದು ನಿಜವಾಗಿತ್ತು, ಅದೇ ನಾಚಿಕೆಗೇಡು.

"ಈ ಕಟ್ಟೂ ತಗೊಂಡು ಹೋಗಿರಿ. ನಾಡಿದ್ದು ಮಂಗಳವಾರ ಬರ್ತೀನಿ. ಎಲ್ಲಾ ತೆಗೆದಿಡಿ. ನಾನೇ ಓದ್ತೀನಿ."

ದೇವೀರಮ್ಮ ತಟ್ಟೆ ಹಿಡಿದು ಬಾಗಿಲು ತೆರೆಯುವ ಹೊತ್ತಿಗೆ ನಾನು ಬೀದಿಗೆ ಇಳಿದಿದ್ದೆ. "ಅಯ್ಯೋ, ತಿನ್ನದೇ ಹೋದ್ರಲ್ಲ" ಎಂದದ್ದು ಕೇಳಿಸಿತು.

ಸೋಮವಾರ ಪುರಸಭೆಗೆ ಹೋದೆ. ಅಲ್ಲಿನ ಗುಮಾಸ್ತೆ ಪುಸ್ತಕ ತೆಗೆದು, ಏನು ಹೋಯಿತು, ಯಾರ ಕೈಗೆ, ಯಾಕೆ, ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಕಾಯಿಲೆಯ ವಿವರ ಹೇಳಲು ಹೊರಟವಳನ್ನು ತಡೆದಳು. "ಅದು ಬೇಡಮ್ಮ. ಖಾಸಗಿ ಕಾಗದ ಅಂತ ಮಾತ್ರ ಬರೀತೀನಿ. ಇಲ್ಲಾಂದ್ರೆ ಈ ಪುಸ್ತಕ ತೆರೆದಾಗೆಲ್ಲ ಅವರ ಕಿವಿ ಸುಡುತ್ತೆ" ಎಂದಳು. ಅವಳಿಗೆ ನನಗಿಂತ ಇಪ್ಪತ್ತು ವರ್ಷ ಕಮ್ಮಿ ವಯಸ್ಸು. ಮಧ್ಯಾಹ್ನ ಪುರಸಭೆಯ ಆಳು ಬಂದು ನಮ್ಮ ಹಲಗೆಯ ಮೇಲೆ ಅಡ್ಡವಾಗಿ ಕೆಂಪು ಗೆರೆ ಎಳೆದು ಹೋದ. ಅತ್ತಿಗೆ ಅಂದಿಡೀ ಬಾಗಿಲ ಕಡೆ ಬರಲಿಲ್ಲ. ವಾರದೊಳಗೆ ಹನ್ನೊಂದು ಜನ ತಮ್ಮ ಕಾಗದ ವಾಪಸ್ ತೆಗೆದುಕೊಂಡು ಹೋದರು. ಹಿಟ್ಟಿನ ಗಿರಣಿಯ ಸುಭದ್ರಮ್ಮ ಮಾತ್ರ ಗೆರೆಯನ್ನು ನೋಡಿ, "ನೀನಾದ್ರೂ ಹೋಗಿ ಬರೆಸಿದೆ. ಬರೆಸದೋರು ಎಷ್ಟು ಜನ ಇದಾರೋ" ಎಂದು ತಮ್ಮ ಚೀಲವನ್ನು ಅಲ್ಲೇ ಬಿಟ್ಟು ಹೋದರು.

ಮಂಗಳವಾರ ಹನ್ನೊಂದಕ್ಕೆ ಸರಿಯಾಗಿ ಮೌನೇಶಾಚಾರರು ಬಂದರು. ಕೆಲಸದ ಭೂತಗನ್ನಡಿಯನ್ನು ಜೇಬಿನಲ್ಲಿ ತಂದಿದ್ದರು. ಅವರ ಹೆಸರಿನಲ್ಲಿ ಎರಡು ಬೀರುಗಳಲ್ಲೂ ಇದ್ದದ್ದನ್ನೆಲ್ಲ ಹುಡುಕಿ ಮೇಜಿನ ಮೇಲೆ ಜೋಡಿಸಿದ್ದೆ, ಮೇಜು ಕಾಣುತ್ತಿರಲಿಲ್ಲ. ಅವರು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಒಂದೊಂದೇ ಹಾಳೆ ಎತ್ತಿದರು. ತಮ್ಮ ಕಾಗದ ತಾವೇ ಓದಿದರೆ ಕಿವಿಗೆ ಏನೂ ಆಗುವುದಿಲ್ಲ. ಎರಡು ರಾಶಿ ಮಾಡಿದರು, ಲೆಕ್ಕಕ್ಕೆ ಬೇಕಾದದ್ದು ಯಾವುದು ಎಂದು ಆಗಾಗ ನನ್ನನ್ನು ಕೇಳಿದರು. ಅವರ ತಮ್ಮ ಜಗಳವಾಡಿ ಬರೆದಿದ್ದ ಒಂದು ಪತ್ರ ಸಿಕ್ಕಿತು. ಮಗಳು ಶಾಲೆ ಬಿಟ್ಟಾಗ ಕೊಟ್ಟಿದ್ದ ವರ್ಗಾವಣೆ ಪತ್ರ ಸಿಕ್ಕಿತು. ದೇವೀರಮ್ಮನವರ ಹೆರಿಗೆಯ ಆಸ್ಪತ್ರೆ ಚೀಟಿ, ಒಂದಲ್ಲ, ಎರಡು. ಮಗು ಒಂದೇ ಉಳಿದದ್ದು. ಆ ಎರಡನೆಯ ಚೀಟಿಯನ್ನು ಅವರು ತುಂಬ ಹೊತ್ತು ಹಿಡಿದುಕೊಂಡಿದ್ದರು.

"ಇದನ್ನ ನೀವು ಓದಿದ್ರಾ?"

"ಬಂದ ವರ್ಷ ಓದಿರಬೇಕು. ನೆನಪಿಲ್ಲ ಆಚಾರ್ರೇ."

"ಅವಳಿಗೆ ನೆನಪಿದೆ. ಒಂದು ಸಲ ಬಾವಿಕಟ್ಟೆ ಹತ್ರ ಇದ್ದೋಳು ಕಿವಿ ಬಿಸಿ ಅಂತ ಅಳ್ತಾ ಬಂದಿದ್ಲು. ಯಾರು ಓದಿದ್ರೋ ಅಂತ ಆಗ ಗೊತ್ತಾಗಲಿಲ್ಲ."

ತಪ್ಪಾಯಿತು ಎಂದೆ. ಅವರು ತಲೆ ಅಲ್ಲಾಡಿಸಿ ಮುಂದಿನ ಹಾಳೆ ಎತ್ತಿದರು. ಮಧ್ಯೆ ಅತ್ತಿಗೆ ಮಜ್ಜಿಗೆ ತಂದಿಟ್ಟರು, ಕುಡಿದರು. ಆ ದಿನ ಮುಗಿಯದೆ ಮರುದಿನವೂ ಬಂದರು. ಕೊನೆಗೆ ಲೆಕ್ಕದ ಕಾಗದ ಎರಡು ಬೆರಳಿನಷ್ಟು ದಪ್ಪವಾಗಿ ಉಳಿಯಿತು, ಬೇಡದ್ದು ಒಂದು ಮೂಟೆಯಾಯಿತು. ವರ್ಗಾವಣೆ ಪತ್ರವನ್ನೂ ಹೆರಿಗೆಯ ಚೀಟಿಗಳನ್ನೂ ಜೇಬಿನಲ್ಲಿಟ್ಟುಕೊಂಡು, ಉಳಿದದ್ದನ್ನು ನಮ್ಮ ಹಿತ್ತಲಿನಲ್ಲಿ ತಾವೇ ನಿಂತು ಸುಟ್ಟರು. ಬೂದಿಯನ್ನು ಕೋಲಿನಿಂದ ಕೆದಕಿ, ಅಕ್ಷರ ಯಾವುದೂ ಉಳಿದಿಲ್ಲ ಎಂದು ನೋಡಿದರು. ಆಮೇಲೆ ಲೆಕ್ಕದ ಕಟ್ಟನ್ನು ಕಂಕುಳಿಗೆ ಏರಿಸಿಕೊಂಡರು.

"ಇದನ್ನ ಇನ್ನು ಮೇಲೆ ಬೇರೆಯವರ ಹತ್ರ ಕೊಡ್ತೀನಿ" ಎಂದರು. "ಸಿಟ್ಟಿಗಲ್ಲ. ನಿಮ್ಮ ಬಾಗಿಲಿಗೆ ಬಂದಾಗೆಲ್ಲ ಇದೇ ನೆನಪಾಗುತ್ತೆ."

"ಆಗಲಿ ಆಚಾರ್ರೇ" ಎಂದೆ.

ಮನೆಗೆ ಹೋಗಿ ಅವರು ಹೆಂಡತಿಗೆ ಕಣ್ಣಿನ ವಿಷಯ ಹೇಳಿದರು ಎಂದು ಆಮೇಲೆ ತಿಳಿಯಿತು. ಮರುದಿನ ಪೇಟೆಯ ಐದೂ ಒಡವೆ ಅಂಗಡಿಗೆ, ಮೊದಲು ಶ್ರೇಯಾಂಸ ಸಾಹುಕಾರರಲ್ಲಿಗೇ ಹೋಗಿ, ತಮ್ಮ ಬಾಯಿಂದಲೇ ಹೇಳಿಬಂದರಂತೆ. ಹರಳಿನ ಕೆಲಸ ಬಿಟ್ಟು ಬೆಳ್ಳಿ ಹಿಡಿದರು. ಕಾಲ್ಗಡಗ, ಗೆಜ್ಜೆ, ದೇವರ ಮನೆಯ ತಂಬಿಗೆ, ಕೈಯಲ್ಲಿ ತಡವಿದರೆ ತಿಳಿಯುವಂಥ ದೊಡ್ಡ ಕೆಲಸ. ಮಿಲ್ಲಿನವರ ಮದುವೆಯ ವಂಕಿಯನ್ನು ಬೇರೆ ಊರಿನವರು ಮಾಡಿದರು. ಚೆನ್ನಾಗಿಯೇ ಇತ್ತು. ಮದುವೆಯಲ್ಲಿ ಅದನ್ನು ನೋಡಿದಾಗ ನನಗೆ ಊಟ ಸೇರಲಿಲ್ಲ.

ಆ ವರ್ಷವೆಲ್ಲ ನಾನು ಮಾಡಿದ್ದು ಬೇಡದ ಕಾಗದ ಆರಿಸುವ ಕೆಲಸ. ಉಳಿದ ಒಬ್ಬೊಬ್ಬರನ್ನೂ ಅವರವರ ದಿನ ಕರೆದು, ಎದುರಿಗೆ ಕೂರಿಸಿಕೊಂಡು, ಇದು ನನಗೆ ಬೇಕು, ಇದು ಬೇಡ ಎಂದು ಬೇರೆ ಮಾಡಿ ಕೊಟ್ಟೆ. ಕೆಲವರಿಗೆ ಬೇಸರ. "ನೀವೇ ಇಟ್ಕೊಳ್ಳಿ, ನಮ್ಮ ಮನೇಲಿ ಜಾಗ ಎಲ್ಲಿದೆ" ಎಂದು ಜಗಳಕ್ಕೆ ನಿಂತವರೂ ಇದ್ದರು. ಸುಭದ್ರಮ್ಮನ ಚೀಲದಲ್ಲಿ ತೀರಿಕೊಂಡ ಗಂಡನ ಬಸ್ ಪಾಸು ಇತ್ತು. ಅದನ್ನು ನೋಡಿ ಅವರು ನಕ್ಕರು, ಆಮೇಲೆ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ವರ್ಷದ ಕೊನೆಗೆ ಒಂದು ಬೀರು ಪೂರ್ತಿ ಖಾಲಿಯಾಯಿತು. ಅತ್ತಿಗೆ ಅದರಲ್ಲಿ ಹಾಸಿಗೆ ಬಟ್ಟೆ ಇಟ್ಟರು. ಕೆಂಪು ಗೆರೆಯನ್ನು ಪುರಸಭೆಯವರು ಬಂದು ಒರೆಸಿದರು, ಹೋದವರಲ್ಲಿ ನಾಲ್ಕು ಜನ ತಿರುಗಿ ಬಂದರು.

ಮೌನೇಶಾಚಾರರು ಬೀದಿಯಲ್ಲಿ ಸಿಕ್ಕರೆ ಚೆನ್ನಾಗಿದ್ದೀರಾ ಎನ್ನುತ್ತಿದ್ದರು, ನಿಲ್ಲುತ್ತಿರಲಿಲ್ಲ. ಬರುಬರುತ್ತ ನಾನೇ ದನಿ ಮಾಡಿದ ಮೇಲೆ ಗುರುತು ಹಿಡಿಯುವ ಹಾಗಾಯಿತು. ಮೂರನೆಯ ವರ್ಷ ಒಂದು ಬುಧವಾರ ಬೆಳಿಗ್ಗೆ, ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದರು. ಕೈಯಲ್ಲಿ ಅಂಚೆಯ ಲಕೋಟೆ ಇತ್ತು, ಒಡೆದಿರಲಿಲ್ಲ.

"ಆಸ್ಪತ್ರೆಯಿಂದ ಬಂದಿದೆ" ಎಂದರು. "ನನ್ನ ಕೈಲಿ ಓದಕ್ಕಾಗಲ್ಲ. ಓದಿ ಹೇಳ್ತೀರಾ?"

"ಮನೇಲಿ ದೇವೀರಮ್ಮ ಇಲ್ವಾ? ಮಗಳು ಬಂದಿದಾಳೆ ಅಂತ ಕೇಳಿದೆ."

"ಇದಾರೆ. ಅವರಿಗೆ ನಾನು ಹೇಳ್ತೀನಿ, ಹೇಳಬೇಕು ಅನ್ನಿಸಿದಾಗ. ಮೊದಲು ನನಗೆ ಗೊತ್ತಾಗಬೇಕಲ್ಲ." ಅವರು ಕುರ್ಚಿಯನ್ನು ತಡವಿ ಕೂತರು. "ಇಷ್ಟು ದೊಡ್ಡ ಊರಲ್ಲಿ ಯಾರ ಹತ್ರ ಹೋಗಲಿ ಅಂತ ಯೋಚನೆ ಮಾಡಿದೆ. ಒಂದು ಸಲ ಸುಟ್ಟುಕೊಂಡೋರು ನೀವು. ಬಾಗಿಲು ಹಾಕಿ ಬನ್ನಿ."

ಬಾಗಿಲು ಹಾಕಿದೆ. ಅತ್ತಿಗೆ ನಾನು ಹೇಳದೆಯೇ ಹಿತ್ತಲಿಗೆ ಹೋದರು. ಲಕೋಟೆ ಒಡೆದು, ಒಂದು ಪದವನ್ನೂ ಬಿಡದೆ, ಅವಸರವಿಲ್ಲದೆ ಓದಿದೆ. ಒಂದು ಸಾಲನ್ನು ಎರಡು ಸಲ ಓದಿಸಿದರು. ಮುಗಿದ ಮೇಲೆ ಕೈ ಚಾಚಿದರು. ಹಾಳೆಯನ್ನು ಮಡಚಿ ಅವರ ಅಂಗೈಯಲ್ಲಿಟ್ಟೆ.

ಇದನ್ನೆಲ್ಲ ಬರೆಯಬೇಕು ಎನ್ನಿಸಿದಾಗ ಅವರ ಮನೆಗೆ ಹೋಗಿ ಕೇಳಿದೆ. ಅವರೂ ದೇವೀರಮ್ಮನೂ ಒಂದು ಇಡೀ ಮಧ್ಯಾಹ್ನ ಕೂತು, ಬರೆದದ್ದನ್ನು ನನ್ನಿಂದ ಓದಿಸಿ ಕೇಳಿದರು. ಹೆರಿಗೆಯ ಚೀಟಿಯ ಮಾತು ಇರಲಿ ಎಂದು ದೇವೀರಮ್ಮ ಹೇಳಿದರು. ಅವರ ಮಗಳ ಹೆಸರು ಎರಡು ಕಡೆ ಇತ್ತು, ಅವಳು ಬೇಡ ಎಂದಳು, ತೆಗೆದೆ. ಸಾಹುಕಾರರೂ ಅತ್ತಿಗೆಯೂ ಸುಭದ್ರಮ್ಮನೂ ತಮ್ಮ ತಮ್ಮ ಮಾತು ಕೇಳಿಸಿಕೊಂಡು ಒಪ್ಪಿದರು. ಕೊನೆಗೆ ಲಕೋಟೆಯ ಭಾಗ ಬಂದಾಗ ಮೌನೇಶಾಚಾರರು, "ನಾನು ಬಂದದ್ದು ಬರೀರಿ, ನೀವು ಓದಿದ್ದು ಬರೀರಿ. ಅದರೊಳಗೆ ಏನಿತ್ತು ಅನ್ನೋದು ಬೇಡ" ಎಂದರು. ಆದ್ದರಿಂದ ಅದನ್ನು ಬರೆದಿಲ್ಲ.